ತನ್ನ ಅಂದಾಜನ್ನೇ ಅನುಮಾನಿಸಲು ಕಲಿಯುವ ವರ್ಷಗಳು

(ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳು, ಅವರ ಮನೆಯವರು ಮತ್ತು ಕೆಲವು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರು ಚೀಟಿಯಲ್ಲಿ ಪ್ರಶ್ನೆ ಬರೆದುಕೊಟ್ಟಿದ್ದೀರಿ. ಹೆಚ್ಚಿನ ಚೀಟಿಗಳಲ್ಲಿ ಇರುವುದು ಒಂದೇ ಮಾತು. ಸೈಕಾಲಜಿಯಲ್ಲಿ ಎಂಎ ಮುಗಿಸಿದರೆ ಕ್ಲಿನಿಕ್ ಇಡಬಹುದಾ? ಅದರ ಮೇಲೆ ಮತ್ತೆ ಎಂಫಿಲ್, ಪಿಎಚ್‌ಡಿ ಅಂತ ಅಷ್ಟೊಂದು ವರ್ಷ ಯಾಕೆ? ಒಬ್ಬ ತಾಯಿ ಇನ್ನೂ ನೇರವಾಗಿ ಬರೆದಿದ್ದಾರೆ: "ಮಾತಾಡಿ ಸಮಾಧಾನ ಮಾಡೋಕೆ ಡಾಕ್ಟರೇಟ್ ಬೇಕಾ?"

ಆ ತಾಯಿಯ ಪ್ರಶ್ನೆಯೇ ನನಗೆ ಮುಖ್ಯ. ಅದಕ್ಕೆ ಹೋಗುವ ಮೊದಲು ಕಾನೂನಿನ ಸಂಗತಿ ಬೇಗ ಹೇಳಿಬಿಡುತ್ತೇನೆ.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ಕಾಯಿಲೆಯನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆ ಕೊಡುವವರು, ಅಂತ ಕೆಲಸ ಮಾಡಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮಾಡಿ ಅಲ್ಲಿ ಹೆಸರು ನೋಂದಾಯಿಸಬೇಕು. ಬರೀ ಎಂಎ ಸಾಲುವುದಿಲ್ಲ. ಇದುವರೆಗೆ ಜಾಸ್ತಿ ಜನ ಬಂದ ದಾರಿ ಎರಡು ವರ್ಷದ ಎಂಫಿಲ್. ಇನ್ನೊಂದು ದಾರಿ ಸೈ.ಡಿ. ಅನ್ನುವ ವೃತ್ತಿಪರ ಡಾಕ್ಟರೇಟ್. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಅಂತ ಹೇಳುವಾಗ, ಹಿರಿಯರ ಮೇಲ್ವಿಚಾರಣೆಯಲ್ಲಿ ಪಡೆದ ಕ್ಲಿನಿಕಲ್ ತರಬೇತಿಯ ಮಾತನ್ನು ಎತ್ತುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರಲ್ಲಿ ಎಂಫಿಲ್ ಪದವಿಯನ್ನು ಕೈಬಿಟ್ಟಿತು. ಆದರೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ಅವಕಾಶ ಕೊಟ್ಟಿತು. ವ್ಯವಸ್ಥೆ ಬದಲಾಗುತ್ತಿರುವ ಹೊತ್ತು ಇದು. ಹಾಗಾಗಿ ಯಾವ ಕಾಲೇಜಿಗೆ ಸೇರುವುದಿದ್ದರೂ ಶುಲ್ಕ ಕಟ್ಟುವ ಮೊದಲು ಆರ್‌ಸಿಐನ ಪಟ್ಟಿಯಲ್ಲಿ ಆ ಕಾಲೇಜು, ಆ ಕೋರ್ಸ್, ಆ ವರ್ಷ ಮೂರೂ ಇವೆಯಾ ನೋಡಿ. ಜಾಹೀರಾತನ್ನು ನಂಬಬೇಡಿ.

ಇನ್ನೊಂದು ವಿಷಯ ಸ್ಪಷ್ಟ ಇರಲಿ. ವಿಶ್ವವಿದ್ಯಾಲಯದ ಪಿಎಚ್‌ಡಿ ಸಂಶೋಧನೆಯ ಪದವಿ. ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡಿದವರು ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳಬಹುದು. ಆದರೆ ರೋಗಿಗಳ ಜೊತೆ ತರಬೇತಿ ಪಡೆಯದೆ ಅಷ್ಟರಿಂದಲೇ ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಔಷಧಿ ಬರೆಯುವ ಅಧಿಕಾರವೂ ಇಲ್ಲ, ಅದು ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರ, ಕೆಲಸ. ಪೋಷಕರು ಈ ವ್ಯತ್ಯಾಸ ತಿಳಿದಿರಬೇಕು. ನಾಳೆ ನಿಮ್ಮ ಮನೆಯ ಮಗುವನ್ನೇ ಯಾರ ಹತ್ತಿರವೋ ಕರೆದುಕೊಂಡು ಹೋಗಬೇಕಾಗಬಹುದು.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ.

2018ರ ಆಗಸ್ಟ್ ತಿಂಗಳನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದಲ್ಲಿ ಮಳೆಗೆ ಗುಡ್ಡ ಕುಸಿಯಿತು. ಮರುವರ್ಷ ವಿರಾಜಪೇಟೆ ಹತ್ತಿರದ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಂಥ ಹೊತ್ತಿನಲ್ಲಿ ಪರಿಹಾರ ಕೇಂದ್ರಗಳಿಗೆ ಅಕ್ಕಿ, ಕಂಬಳಿ ಬರುವ ಹಾಗೆ ಸಮಾಧಾನ ಹೇಳುವವರೂ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಅವರಿಗೆ ಮೊದಲು ತೋಚುವುದು ಏನು? "ಏನಾಯ್ತು, ಎಲ್ಲ ಹೇಳಿಬಿಡಿ. ಒಳಗೆ ಇಟ್ಟುಕೊಳ್ಳಬೇಡಿ. ಹೇಳಿದರೆ ಹಗುರ ಆಗುತ್ತದೆ." ನಮಗೆಲ್ಲ ಇದು ಸರಿ ಅಂತಲೇ ಅನಿಸುತ್ತದೆ, ಅಲ್ವಾ?

ಪ್ರಪಂಚದ ತಜ್ಞರಿಗೂ ಹಾಗೇ ಅನಿಸಿತ್ತು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಇದಕ್ಕೊಂದು ಕ್ರಮ ಮಾಡಿದರು. ಅದು ಅಗ್ನಿಶಾಮಕ ದಳ, ಆಂಬುಲೆನ್ಸ್ ಸಿಬ್ಬಂದಿಗೆ ಅಂತ ಹುಟ್ಟಿದ್ದು. ಘಟನೆ ಆದ ಕೆಲವೇ ದಿನಗಳಲ್ಲಿ ಜನರನ್ನು ಕೂರಿಸಿ, ಏನು ನೋಡಿದಿರಿ, ಏನು ಅನಿಸಿತು ಅಂತ ಹೇಳಿಸುವುದು. ಡಿಬ್ರೀಫಿಂಗ್ ಅಂತ ಹೆಸರು. ಕ್ರಮೇಣ ಅಪಘಾತದಲ್ಲಿ ಗಾಯಗೊಂಡವರಿಗೆ, ಸುಟ್ಟಗಾಯದವರಿಗೆ, ಎಲ್ಲರಿಗೂ ಒಂದೇ ಸಲ ಕೂರಿಸಿ ಮಾಡತೊಡಗಿದರು. ಮಾಡಿಸಿಕೊಂಡವರಲ್ಲಿ ಹೆಚ್ಚಿನವರು "ಉಪಯೋಗ ಆಯ್ತು" ಅಂತಲೇ ಹೇಳುತ್ತಿದ್ದರು. ಮಾಡುವವರಿಗೂ ತೃಪ್ತಿ ಇತ್ತು.

ಆಮೇಲೆ ಕೆಲವರು ಒಂದು ಅನುಮಾನ ಎತ್ತಿದರು. ಉಪಯೋಗ ಆಯ್ತು ಅಂತ ಹೇಳುವುದು ಬೇರೆ, ನಿಜವಾಗಿ ಉಪಯೋಗ ಆಗುವುದು ಬೇರೆ ಇರಬಹುದಲ್ಲ? ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಿಬ್ರೀಫಿಂಗ್, ಇನ್ನೊಂದಕ್ಕೆ ಇಲ್ಲ. ಫಲಿತಾಂಶ ಬಂದದ್ದು 1997ರಲ್ಲಿ. 13 ತಿಂಗಳ ನಂತರ ನೋಡಿದರೆ, ಡಿಬ್ರೀಫಿಂಗ್ ಆದವರಲ್ಲಿ ಶೇಕಡಾ 26 ಮಂದಿಗೆ ಆಘಾತದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಇತ್ತು. ಆಗದವರಲ್ಲಿ ಶೇಕಡಾ 9 ಮಂದಿಗೆ ಮಾತ್ರ.

ಇಲ್ಲಿ ಒಂದು ಕ್ಷಣ ನಿಲ್ಲಿ. "ಅಯ್ಯೋ, ಹಾಗಾದರೆ ಡಿಬ್ರೀಫಿಂಗ್ ವಿಷ" ಅಂತ ತಕ್ಷಣ ತೀರ್ಮಾನಿಸಿದರೆ ಅದೂ ತಪ್ಪು. ಆ ಅಧ್ಯಯನದಲ್ಲಿ ಡಿಬ್ರೀಫಿಂಗ್ ಗುಂಪಿನವರ ಗಾಯ ಮೊದಲೇ ಸ್ವಲ್ಪ ಜಾಸ್ತಿ ಇತ್ತು. ಅಧ್ಯಯನ ಮಾಡಿದವರೇ ಅದನ್ನು ಒಪ್ಪಿಕೊಂಡು ಬರೆದರು. ಹಾಗಾಗಿ ಬೇರೆಯವರ ಅಧ್ಯಯನಗಳನ್ನೂ ಸೇರಿಸಿ ನೋಡಬೇಕಾಯಿತು. ರಸ್ತೆ ಅಪಘಾತದವರನ್ನು ಮೂರು ವರ್ಷದ ನಂತರ ನೋಡಿದ ಇನ್ನೊಂದು ಅಧ್ಯಯನದಲ್ಲಿ, ಮೊದಲಲ್ಲಿ ತುಂಬಾ ಕಂಗೆಟ್ಟಿದ್ದು ಡಿಬ್ರೀಫಿಂಗ್ ಮಾಡಿಸಿಕೊಂಡವರು ಚೇತರಿಸಿಕೊಂಡಿರಲಿಲ್ಲ. 2002ರ ಹೊತ್ತಿಗೆ ಎಲ್ಲವನ್ನೂ ಒಟ್ಟು ಮಾಡಿ ನೋಡಿದವರು ಒಂದು ಮಾತಿಗೆ ಬಂದರು: ಎಲ್ಲರನ್ನೂ ಕೂರಿಸಿ ಒಂದೇ ಸಲ ಹೇಳಿಸುವ ಕ್ರಮ ಕಾಯಿಲೆಯನ್ನು ತಡೆಯುವುದಿಲ್ಲ, ಕಡ್ಡಾಯವಾಗಿ ಮಾಡುವುದನ್ನು ನಿಲ್ಲಿಸಬೇಕು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬೇರೆ. ಮೊದಲು ಜನ ಸುರಕ್ಷಿತವಾಗಿರಲಿ, ಊಟ ನಿದ್ದೆ ಆಗಲಿ, ಮನೆಯವರು ಎಲ್ಲಿದ್ದಾರೆ ಅಂತ ಗೊತ್ತಾಗಲಿ. ಮಾತಾಡಬೇಕು ಅನ್ನುವವರ ಮಾತು ಕೇಳಿ. ಬೇಡ ಅನ್ನುವವರನ್ನು ಒತ್ತಾಯ ಮಾಡಬೇಡಿ. ವಾರಗಳು ಕಳೆದ ಮೇಲೂ ನಿದ್ದೆ ಬಾರದೆ, ಮಳೆಯ ಸದ್ದಿಗೆ ನಡುಗುತ್ತಾ ಇರುವವರನ್ನು ಗುರುತಿಸಿ ಅವರಿಗೆ ಸರಿಯಾದ ಚಿಕಿತ್ಸೆ ಕೊಡಿ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಕರುಣೆ ಇದ್ದವರು, ಅನುಭವ ಇದ್ದವರು, ಜನರ ಹೊಗಳಿಕೆ ಪಡೆದವರು ಸೇರಿಕೊಂಡು ವರ್ಷಗಟ್ಟಲೆ ಉಪಯೋಗ ಇಲ್ಲದ ಕೆಲಸ ಮಾಡಿದರು. ಅದನ್ನು ಕಂಡುಹಿಡಿದದ್ದು ತಮ್ಮ ಅಂದಾಜನ್ನು ತಾವೇ ಪರೀಕ್ಷೆಗೆ ಒಡ್ಡಲು ಕಲಿತವರು. ಡಾಕ್ಟರೇಟ್ ಮಟ್ಟದ ತರಬೇತಿ ಕಲಿಸಬೇಕಾದದ್ದು ಇದನ್ನೇ.

ಕ್ಲಿನಿಕಲ್ ಸೈಕಾಲಜಿ ಹುಟ್ಟಿದಾಗಿನಿಂದ ಈ ಚರ್ಚೆ ಇದೆ. 1896ರಲ್ಲಿ ಲೈಟ್ನರ್ ವಿಟ್ಮರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಸೈಕಾಲಜಿ ಕ್ಲಿನಿಕ್ ತೆರೆದರು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಮನಸ್ಸು ನೊಂದ ಸೈನಿಕರು ಸಾವಿರಾರು ಮಂದಿ ಇದ್ದರು, ನೋಡಿಕೊಳ್ಳುವವರು ಸಾಲಲಿಲ್ಲ. ಸರ್ಕಾರ ತರಬೇತಿಗೆ ದುಡ್ಡು ಹಾಕಿತು. ತರಬೇತಿ ಹೇಗಿರಬೇಕು ಅಂತ ತೀರ್ಮಾನಿಸಲು 1949ರಲ್ಲಿ ಕೊಲರಾಡೊದ ಬೌಲ್ಡರ್ ಊರಿನಲ್ಲಿ ಸುಮಾರು 70 ಮಂದಿ ಎರಡು ವಾರ ಕೂತು ಚರ್ಚಿಸಿದರು. ರೋಗಿಯನ್ನು ನೋಡುವವನೂ ಸಂಶೋಧನೆ ಮಾಡುವವನೂ ಒಬ್ಬನೇ ಆಗಿರಬೇಕು, ಅದಕ್ಕೆ ಪಿಎಚ್‌ಡಿ ಬೇಕು ಅಂದರು. 1973ರಲ್ಲಿ ಅದೇ ಕೊಲರಾಡೊದ ವೇಲ್‌ನಲ್ಲಿ ಸೇರಿದವರು, ಚಿಕಿತ್ಸೆಗೇ ಜಾಸ್ತಿ ಒತ್ತು ಕೊಡುವ ಸೈ.ಡಿ.ಯನ್ನೂ ಒಪ್ಪಿದರು. ಎರಡರಲ್ಲಿ ಯಾವುದು ಮೇಲು ಅನ್ನುವ ಜಗಳ ಈಗಲೂ ಇದೆ. ನನ್ನ ಅಭಿಪ್ರಾಯ ಹೇಳುವುದಾದರೆ, ಪದವಿಯ ಹೆಸರು ಯಾವುದೇ ಇರಲಿ, ಪುರಾವೆ ಓದಿ ತೂಗಲು ಬಾರದವರನ್ನು ರೋಗಿಯ ಮುಂದೆ ಒಂಟಿಯಾಗಿ ಕೂರಿಸಬಾರದು.

ನಮ್ಮ ನಾಡಿಗೂ ಇದರಲ್ಲಿ ದೊಡ್ಡ ಪಾಲು ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿ. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ರೇಡಿಯೋ ಶುರು ಮಾಡಿದವರೂ ಅವರೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಮರುವರ್ಷ ಅಲ್ಲಿ ದೇಶದ ಮೊದಲ ಕ್ಲಿನಿಕಲ್ ಸೈಕಾಲಜಿ ತರಬೇತಿ ಡಿಪ್ಲೊಮಾ ರೂಪದಲ್ಲಿ ಶುರುವಾಯಿತು. ಆ ಸಂಸ್ಥೆಯೇ 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆದದ್ದು. ಇಡೀ ದೇಶದ ಮಕ್ಕಳು ಕಲಿಯಲು ಬರುವ ಜಾಗ ಮಡಿಕೇರಿಯಿಂದ ಒಂದು ದಿನದ ಪ್ರಯಾಣದೊಳಗೇ ಇದೆ.

ಈಗ ಕೊಡಗಿನ ಒಂದು ಸಂಗತಿ ತೆಗೆದುಕೊಳ್ಳೋಣ. ಇದು ಪಾಠಕ್ಕಾಗಿ ನಾನು ಕಟ್ಟಿದ್ದು, ಯಾರೊಬ್ಬರ ಕತೆಯೂ ಅಲ್ಲ. ಸಿದ್ದಾಪುರದ ಕಡೆ ಲೈನ್‌ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಇರುವ ಒಬ್ಬ ಹೆಂಗಸು ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗಲು ಹೆದರುತ್ತಾರೆ. ಎದೆ ಬಡಿತ, ಬೆವರು. ಪುಸ್ತಕ ಓದಿ ಬಂದ ವಿದ್ಯಾರ್ಥಿ ಆತಂಕದ ಕಾಯಿಲೆ ಅಂತ ಬರೆಯುತ್ತಾನೆ. ಅತಿಭಯಕ್ಕೆ ಒಳ್ಳೆಯ ಪುರಾವೆ ಇರುವ ಚಿಕಿತ್ಸೆ ಅಂದರೆ ಹೆದರುವ ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು. ಹಾಗಾದರೆ ಇವರನ್ನು ಮಬ್ಬುಗತ್ತಲಲ್ಲಿ ತೋಟದ ದಾರಿಯಲ್ಲಿ ನಡೆಸುವುದಾ? ಅಲ್ಲಿ ಆನೆ ನಿಜವಾಗಿ ಇದೆ. ಸಿದ್ದಾಪುರ, ಮಾಲ್ದಾರೆ, ನೆಲ್ಯಹುದಿಕೇರಿ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಭಯ ಜೀವ ಉಳಿಸುವ ಭಯ.

ಆದರೆ ಅಲ್ಲಿಗೇ ಬಿಟ್ಟರೂ ಆಗಲಿಲ್ಲ. ಅದೇ ಹೆಂಗಸು ಮಧ್ಯಾಹ್ನ ಬಸ್ಸಿನಲ್ಲಿ ಕೂತಾಗಲೂ ನಡುಗುತ್ತಾರಾ? ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರನ್ನು ಆನೆ ತುಳಿದದ್ದನ್ನು ಕಣ್ಣಾರೆ ನೋಡಿದ್ದಾರಾ? ರಾತ್ರಿ ಅದೇ ಕಣ್ಣ ಮುಂದೆ ಬರುತ್ತದಾ? ಹೌದಾದರೆ ಇಲ್ಲಿ ಎರಡು ಭಯ ಒಟ್ಟಿಗೆ ಇವೆ. ಒಂದನ್ನು ಗೌರವಿಸಬೇಕು, ಇನ್ನೊಂದಕ್ಕೆ ಚಿಕಿತ್ಸೆ ಕೊಡಬೇಕು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಬಿಡಿಸುವುದಕ್ಕೆ ಕೇಸ್ ಫಾರ್ಮುಲೇಶನ್ ಅನ್ನುತ್ತಾರೆ. ತರಬೇತಿಯ ಬಹುಪಾಲು ಸಮಯ ಹೋಗುವುದು ಇದರಲ್ಲೇ.

ಬುದ್ಧಿ ಪರೀಕ್ಷೆಯ ವಿಷಯವೂ ಹೀಗೇ. ನಮ್ಮಲ್ಲಿ ಈಗಲೂ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ಧಾರವಾಡದಲ್ಲಿದ್ದ ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಹೊಂದಿಸಿದ್ದರು. ಬಹಳ ದೊಡ್ಡ ಕೆಲಸ ಅದು. ಆದರೆ ಮನೆಯಲ್ಲಿ ಯರವ ಭಾಷೆಯನ್ನೋ ಜೇನುಕುರುಬ ಭಾಷೆಯನ್ನೋ ಆಡುವ ಆದಿವಾಸಿ ಮಗುವಿಗೆ ಕನ್ನಡ ಅನ್ನುವುದು ಶಾಲೆಯಲ್ಲಿ ಕಲಿತ ಎರಡನೇ ಭಾಷೆ. ಆ ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ, ಅಂಕ 70ಕ್ಕಿಂತ ಕೆಳಗೆ ಬಂತು ಅಂತ ಬುದ್ಧಿಶಕ್ತಿ ಕಡಿಮೆ ಎಂದು ಬರೆದರೆ ಏನಾಗುತ್ತದೆ? ಆ ಹಾಳೆ ಮಗುವಿನ ಜೊತೆ ಜೀವನಪೂರ್ತಿ ಬರುತ್ತದೆ. ನಿಯಮದ ಪ್ರಕಾರ ಅಂಕ ಒಂದೇ ಸಾಲದು, ದಿನನಿತ್ಯದ ಕೆಲಸಗಳನ್ನು ವಯಸ್ಸಿಗೆ ತಕ್ಕ ಹಾಗೆ ಮಾಡುತ್ತಾನಾ ಅಂತಲೂ ನೋಡಬೇಕು. ತಮ್ಮನನ್ನು ಕರೆದುಕೊಂಡು ಕಾಡಂಚಿನ ದಾರಿಯಲ್ಲಿ ಶಾಲೆಗೆ ಬರುವ, ಅಂಗಡಿಯಲ್ಲಿ ಚಿಲ್ಲರೆ ಸರಿಯಾಗಿ ಎಣಿಸಿ ತರುವ ಹುಡುಗನ ಬಗ್ಗೆ ಆ ಅಂಕ ಹೇಳುತ್ತಿರುವುದು ಏನು? ಈ ಪ್ರಶ್ನೆ ಕೇಳಲು ಕಲಿಯದೆ ಪರೀಕ್ಷೆ ಮಾಡಲು ಮಾತ್ರ ಕಲಿತವರು ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಇದನ್ನು ನಾನು ಮೆತ್ತಗೆ ಹೇಳಲಾರೆ.

ಇಷ್ಟು ಕೇಳಿದ ಮೇಲೆ ನೀವು ಅನ್ನಬಹುದು, ಇದೆಲ್ಲ ಅನುಭವದಿಂದ ಬರುತ್ತದಲ್ಲ, ಹತ್ತು ವರ್ಷ ಕೆಲಸ ಮಾಡಿದರೆ ತಾನಾಗಿ ಗೊತ್ತಾಗುತ್ತದೆ ಅಂತ. ಇಲ್ಲ. 1954ರಲ್ಲಿ ಪಾಲ್ ಮೀಲ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು ಆಗ ಸಿಕ್ಕಿದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರು. ಮುಂದೆ ಈ ವ್ಯಕ್ತಿ ಹೇಗಿರುತ್ತಾನೆ ಅಂತ ಊಹಿಸುವುದರಲ್ಲಿ, ಅನುಭವಿ ತಜ್ಞರ ತೀರ್ಪಿಗಿಂತ ಸರಳ ಲೆಕ್ಕದ ಸೂತ್ರ ಹೆಚ್ಚಿನ ಕಡೆ ಅಷ್ಟೇ ಚೆನ್ನಾಗಿ ಅಥವಾ ಇನ್ನೂ ಚೆನ್ನಾಗಿ ಕೆಲಸ ಮಾಡಿತ್ತು. 2016ರಲ್ಲಿ ಬಂದ ಇನ್ನೊಂದು ಅಧ್ಯಯನ 170 ಥೆರಪಿಸ್ಟ್‌ಗಳನ್ನು, ಅವರು ನೋಡಿದ 6,500ಕ್ಕೂ ಜಾಸ್ತಿ ಜನರನ್ನು ಹಿಂಬಾಲಿಸಿತು. ವರ್ಷಗಳು ಕಳೆದ ಹಾಗೆ ಥೆರಪಿಸ್ಟ್‌ಗಳು ಸರಾಸರಿಯಲ್ಲಿ ಸುಧಾರಿಸಿರಲಿಲ್ಲ. ಸ್ವಲ್ಪ ಇಳಿದಿದ್ದರು. ಕೆಲವರು ಮಾತ್ರ ಏರಿದ್ದರು.

ಯಾಕೆ ಹೀಗೆ? ನಮ್ಮ ಕೆಲಸದಲ್ಲಿ ತಪ್ಪಾದರೆ ಅದು ನಮಗೆ ತಿಳಿಯುವುದೇ ಇಲ್ಲ. ವಾಸಿಯಾಗದ ರೋಗಿ ಸುಮ್ನೆ ಬರುವುದನ್ನು ನಿಲ್ಲಿಸುತ್ತಾನೆ. ಬಸ್ ಚಾರ್ಜಿಗೆ ದುಡ್ಡಿಲ್ಲದೆ ಬರಲಿಲ್ಲವೋ, ನಮ್ಮ ಮಾತು ಸರಿಬರದೆ ಬರಲಿಲ್ಲವೋ ಯಾರು ಹೇಳುತ್ತಾರೆ? ಅದಕ್ಕೇ ಸೂಪರ್‌ವಿಷನ್ ಇರುವುದು. ರೋಗಿಯ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡುತ್ತಾರೆ. ಹಿರಿಯರು ಪಕ್ಕದಲ್ಲಿ ಕೂತು ಕೇಳುತ್ತಾರೆ. ಕೊಡಗಿನಲ್ಲಿ ಹಾಕಿ ಆಡಿದವರಿಗೆ ಇದು ಗೊತ್ತು: ತನ್ನ ಆಟದ ವಿಡಿಯೋವನ್ನು ಕೋಚ್ ಜೊತೆ ಕೂತು ನೋಡಿದಾಗಲೇ ಎಲ್ಲಿ ಪಾಸ್ ಕೊಡಬೇಕಿತ್ತು ಅಂತ ಕಾಣುವುದು. "ಇಲ್ಲಿ ಅವರು ಅಪ್ಪನ ಮಾತು ಎತ್ತಿದರು, ನೀನು ವಿಷಯ ಬದಲಾಯಿಸಿದೆ. ಯಾಕೆ?" ಅಂತ ಕೇಳಿದಾಗ ವಿದ್ಯಾರ್ಥಿಗೆ ಮುಜುಗರ ಆಗುತ್ತದೆ, ಅಳುವೂ ಬರಬಹುದು. ಆದರೆ ಅಲ್ಲಿ ಕಲಿತಷ್ಟು ಯಾವ ಕ್ಲಾಸಿನಲ್ಲೂ ಕಲಿಯುವುದಿಲ್ಲ. ಹಾಗಾಗಿ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಒಬ್ಬ ಸೂಪರ್‌ವೈಸರ್‌ಗೆ ಎಷ್ಟು ವಿದ್ಯಾರ್ಥಿಗಳು, ವಾರಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಅಲ್ಲಿ ಓದುತ್ತಿರುವವರನ್ನೇ ಕೇಳಿ.

ಕೊಡಗಿನಂಥ ಜಾಗದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದು ಕಷ್ಟ ಇದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ ಐದೂವರೆ ಲಕ್ಷ. ಯಾರನ್ನು ಕಂಡರೂ ಮೊದಲು ಕೇಳುವುದು ಯಾವ ಒಕ್ಕ (ಮನೆತನ), ಯಾವ ಊರು, ಯಾರ ಮಗಳು ಅಂತ. ಸೋಮವಾರ ನಿಮ್ಮ ಮುಂದೆ ಕೂತು ಅತ್ತವರು ಭಾನುವಾರ ಕೊಡವ ಸಮಾಜದ ಮದುವೆಯಲ್ಲಿ ನಿಮ್ಮ ಎದುರಿನ ಟೇಬಲಿನಲ್ಲಿ ಊಟಕ್ಕೆ ಕೂತಿರುತ್ತಾರೆ. ಅವರ ಚಿಕ್ಕಮ್ಮ ನಿಮ್ಮ ಅಮ್ಮನ ಗೆಳತಿ. "ಇವಳು ನಿಮ್ಮ ಹತ್ತಿರ ಬರ್ತಾಳಂತಲ್ಲ, ಏನು ಸಮಸ್ಯೆ?" ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಏನು ಉತ್ತರ ಕೊಡಬೇಕು? ದಾರಿಯಲ್ಲಿ ಸಿಕ್ಕಾಗ ನೀವೇ ಮೊದಲು ಮಾತಾಡಿಸಬೇಕಾ? ದೊಡ್ಡ ನಗರದಲ್ಲಿ ಈ ಪ್ರಶ್ನೆಗಳು ಅಪರೂಪಕ್ಕೆ ಬರುತ್ತವೆ, ಇಲ್ಲಿ ವಾರಕ್ಕೊಮ್ಮೆ ಬರುತ್ತವೆ. ಮೊದಲ ಭೇಟಿಯಲ್ಲೇ ರೋಗಿಯ ಜೊತೆ ಕೂತು, ಹೊರಗೆ ಸಿಕ್ಕಾಗ ಏನು ಮಾಡೋಣ ಅಂತ ಮಾತಾಡಿ ಇಟ್ಟುಕೊಳ್ಳಬೇಕು. ಹತ್ತಿರದ ನೆಂಟರಾದರೆ ಬೇರೆಯವರ ಹತ್ತಿರ ಕಳಿಸಬೇಕು. ಕಳಿಸಲು ಬೇರೆಯವರು ಇರಬೇಕಲ್ಲ! ಜಿಲ್ಲೆಗೆ ಒಬ್ಬರಿದ್ದರೆ ಆಗುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ವರ್ಷಗಳ ಲೆಕ್ಕ ಕೇಳಿದ್ದೀರಿ. ಪದವಿ ಮೂರೋ ನಾಲ್ಕೋ ವರ್ಷ, ಎಂಎ ಎರಡು, ಕ್ಲಿನಿಕಲ್ ತರಬೇತಿ ಎರಡು. ಪಿಎಚ್‌ಡಿಗೆ ಯುಜಿಸಿ ನಿಯಮದಲ್ಲಿ ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು. ಹದಿನೆಂಟಕ್ಕೆ ಶುರು ಮಾಡಿದವರು ಮೂವತ್ತರ ಹತ್ತಿರ ಬಂದಿರುತ್ತಾರೆ. ಆದರೆ ಕ್ಲಿನಿಕಲ್ ತರಬೇತಿ ಮುಗಿಸಿ ನೋಂದಣಿ ಆದ ಮೇಲೆ ಕೆಲಸಕ್ಕೆ ಸೇರಬಹುದು, ಪಿಎಚ್‌ಡಿ ಆಮೇಲೂ ಮಾಡಬಹುದು. ಮದುವೆಯ ಪ್ರಶ್ನೆಯನ್ನೂ ಕೆಲವರು ಬರೆದಿದ್ದೀರಿ. ಅದನ್ನು ಮಗಳಿಗೆ ಕೇಳುವಷ್ಟೇ ಮಗನಿಗೂ ಕೇಳಿ ಅಂತ ಮಾತ್ರ ಹೇಳುತ್ತೇನೆ.

ನನಗೆ ನಿಜಕ್ಕೂ ಚಿಂತೆ ಇರುವುದು ದುಡ್ಡಿನ ಬಗ್ಗೆ. ಬ್ರಿಟನ್ನಿನಲ್ಲಿ ಮೂರು ವರ್ಷದ ಕ್ಲಿನಿಕಲ್ ಡಾಕ್ಟರೇಟ್ ಮಾಡುವ ವಿದ್ಯಾರ್ಥಿ ಸರ್ಕಾರಿ ಆರೋಗ್ಯ ಸೇವೆಯ ನೌಕರ. ಸಂಬಳ ಬರುತ್ತದೆ. ನಮ್ಮಲ್ಲಿ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದರೆ ಲಕ್ಷಗಟ್ಟಲೆ ಕಟ್ಟಬೇಕು, ದಿನವಿಡೀ ಆಸ್ಪತ್ರೆಯಲ್ಲಿ ದುಡಿಯಲೂ ಬೇಕು. ಹೀಗಾದರೆ ತೋಟದ ಮಾಲೀಕರ ಮಕ್ಕಳು ಓದುತ್ತಾರೆ, ಲೈನ್‌ಮನೆಯ ಮಕ್ಕಳು, ಆದಿವಾಸಿ ಹಾಡಿಯ ಮಕ್ಕಳು ಓದುವುದಿಲ್ಲ. ಯರವ ಭಾಷೆ ಆಡುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಬಂದರೆ ಆ ಮಕ್ಕಳ ಪರೀಕ್ಷೆ ಹೇಗಿರುತ್ತದೆ ಅಂತ ಯೋಚಿಸಿ. ತರಬೇತಿ ಕಾಲದಲ್ಲಿ ಸ್ಟೈಪೆಂಡ್ ಕೊಡಲೇಬೇಕು. ಜಿಲ್ಲೆಯ ಸಂಘ ಸಂಸ್ಥೆಗಳು ಹಾಕಿಗೆ, ಮದುವೆ ಮಂಟಪಕ್ಕೆ ಸೇರಿಸುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಎತ್ತಿಟ್ಟರೆ ಎರಡು ವರ್ಷಕ್ಕೆ ಒಬ್ಬರನ್ನಾದರೂ ಓದಿಸಬಹುದು.

ವಾಪಸ್ ಬಂದರೆ ಇಲ್ಲಿ ಕೆಲಸ ಇದೆಯಾ ಅಂತಲೂ ಕೇಳಿದ್ದೀರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇರುತ್ತದೆ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಶಾಲೆಗಳಿವೆ, ನಿವೃತ್ತ ಸೈನಿಕರ ಕುಟುಂಬಗಳಿವೆ, ಕುಡಿತದಿಂದ ಸೋತ ಮನೆಗಳಿವೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹೆಚ್ಚಿನ ಮಾನಸಿಕ ಕಾಯಿಲೆಗಳಲ್ಲಿ ಹತ್ತರಲ್ಲಿ ಏಳು ಮಂದಿಗಿಂತ ಜಾಸ್ತಿ ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸದ್ಯಕ್ಕೆ ಯಾರಿಗಾದರೂ ತುರ್ತಾಗಿ ಮಾತಾಡಬೇಕಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಸಂಶೋಧನೆಗೆ ವಿಷಯ ಸಿಗುವುದಿಲ್ಲ ಅನ್ನುವವರಿಗೆ ಕೊಡಗಿನಲ್ಲೇ ಕೆಲವು ಕೊಡುತ್ತೇನೆ. ಗುಡ್ಡ ಕುಸಿತದಲ್ಲಿ ಮನೆ ಕಳೆದುಕೊಂಡು ಜಂಬೂರು, ಕರ್ಣಂಗೇರಿ, ಮದೆನಾಡಿನ ಹೊಸ ಮನೆಗಳಿಗೆ ಹೋದ ಕುಟುಂಬಗಳಲ್ಲಿ ಯಾರು ಚೇತರಿಸಿಕೊಂಡರು, ಯಾರು ಇಲ್ಲ, ಯಾಕೆ? ಹಾಡಿಯ ಮಕ್ಕಳಿಗೆ ಅವರ ಭಾಷೆಯಲ್ಲೇ ಪರೀಕ್ಷೆ ಹೊಂದಿಸುವುದು ಹೇಗೆ? ಹಿರಿಯರಿಗೆ ಎಡೆ ಇಡುವಾಗಲೂ ಮದ್ಯ ಇರುವ ಮನೆಗಳಲ್ಲಿ, ಕುಡಿತ ಮಿತಿ ಮೀರಿದೆ ಅಂತ ಮನೆಯವರು ಯಾವ ಹಂತದಲ್ಲಿ ಗುರುತಿಸುತ್ತಾರೆ? ಆನೆಯಿಂದ ಒಬ್ಬರನ್ನು ಕಳೆದುಕೊಂಡ ಲೈನ್‌ಮನೆಗಳಲ್ಲಿ ಮಕ್ಕಳು ಹೇಗಿದ್ದಾರೆ? ಇವುಗಳಲ್ಲಿ ಯಾವುದಾದರೂ ಮನಸ್ಸಿಗೆ ಹಿಡಿದವರು ಸಭೆ ಮುಗಿದ ಮೇಲೆ ಬಂದು ಮಾತಾಡಿ. ಎಂಎ ಪ್ರವೇಶಕ್ಕೆ ಏನು ಓದಬೇಕು ಅನ್ನುವುದರಿಂದಲೇ ಶುರು ಮಾಡೋಣ.